ಬುದ್ಧನ ಕಾಲ್ ತಾವ ನಾನು, ತಲೆ ತಾವ ಅವ್ರು

ಬುದ್ಧನ್ನ ನೋಡಕ್ಕೆ ಹೋಗಿದ್ದೆ ಅಂತ ಊರಲ್ಲಿ ನಾನು ಹೇಳಿದ್ದು ಸುಳ್ಳಲ್ಲ. ಬುದ್ಧನ್ನೂ ನೋಡ್ದೆ. ಆದ್ರೆ ಹೋಗಿದ್ದು ನನ್ನ ತೋರಿಸ್ಕಳಕ್ಕೆ. ಹೆಣ್ಣು ನೋಡೋ ಶಾಸ್ತ್ರ, ಹೆಣ್ಣು ನಾನು. ನಗ್ಬ್ಯಾಡಿ. ನಗೋದಾದ್ರೂ ಪೂರ್ತಿ ಕೇಳ್ಬುಟ್ಟು ನಗ್ರಿ.

ನನ್ನ ಹೆಸ್ರು ನಾಗಕ್ಕ. ಸಿರಾ ಪಕ್ಕದಲ್ಲಿ ನಮ್ಮೂರು, ಕುರಿ ಸಾಕೋ ಮನೆ. ನನ್ನ ಗಂಡ ತೀರ್ಕಂಡು ಬೋ ವರ್ಷ ಆಯ್ತು. ಬೆಳಿಗ್ಗೆ ಮುದ್ದೆ ಉಂಡು, ಸಾರು ಸಪ್ಪೆ ಅಂತ ಜಗಳ ತೆಗ್ದು ಹೋದೋನು, ಹೈವೇ ದಾಟೋವಾಗ ಲಾರಿ ಹೊಡ್ದು ಹೋಗ್ಬುಟ್ಟ. ಆವತ್ತಿನ ಜಗಳ ಅರ್ಧಕ್ಕೇ ನಿಂತೋಯ್ತು. ಮಗಳು ಸ್ನೇಹಲತಾ ಒಬ್ಳೇ. ಓದ್ಕಂಡ್ಲು, ಈಗ ಸಿರಾದಲ್ಲಿ ರಕ್ತ ಪರೀಕ್ಷೆ ಮಾಡೋ ಲ್ಯಾಬ್‌ನಾಗೆ ಕೆಲ್ಸ. ಅವಳಿಗೆ ಮಧುಗಿರಿ ಹುಡುಗ ಗೊತ್ತಾಗವ್ನೆ, ದೀಪಾವಳಿ ಕಳೀತಿದ್ದಂಗೆ ಮದುವೆ. ಎಲ್ಲ ಸಲೀಸಾಗಿ ಹೋಯ್ತಿದೆ ಅನ್ನೋವಾಗ ಇವ್ಳು ಹಟ ಹಿಡಿದ್ಲು. ಅವ್ವ, ಮೊದ್ಲು ನೀನು ಒಬ್ರನ್ನ ಮಾಡ್ಕ, ಆಮೇಲೆ ನಾನು ಅಂದ್ಲು. ನಾನು ಪೊರಕೆ ತಗಂಡೆ. ಅವ್ಳು ಜಪ್ಪಯ್ಯ ಅನ್ಲಿಲ್ಲ.

ನಮ್ಮ ಜನದಲ್ಲಿ ಇದು ಹೊಸದೇನಲ್ಲ. ಗಂಡ ಸತ್ತೋಳು ಇನ್ನೊಬ್ರ ಜೊತೆ ಸಂಸಾರ ಕಟ್ಕಳದಕ್ಕೆ ಕೂಡಿಕೆ ಅಂತೀವಿ. ಅಜ್ಜಿ ಮುತ್ತಜ್ಜಿ ಕಾಲದಿಂದ ಐತೆ. ಆದ್ರೆ ಮೊದಲನೇ ಮದುವೆ ಥರ ಮನೇಗ್ ಬಂದು, ಚಾಪೆ ಮೇಲೆ ಕೂತು ಉಪ್ಪಿಟ್ಟು ತಿನ್ನೋ ಶಾಸ್ತ್ರ ಇದಕ್ಕಿಲ್ಲ. ಸಂತೇಲೋ ಗುಡಿ ತಾವಲೋ ಎರಡು ಕಡೆಯೋರೂ ಅಕಸ್ಮಾತ್ ಸಿಕ್ಕಿದಂಗೆ ಸಿಗ್ಬೇಕು. ಗಂಡಸು ದೂರದಿಂದ ನೋಡ್ತಾನೆ. ಮನಸಿಗೆ ಬಂದ್ರೆ ಹತ್ರ ಬಂದು ಯಾವೂರಾಯ್ತು ಅಂತ ಮಾತಿಗೆಳೀತಾನೆ. ಬರ್ಲಿಲ್ಲ ಅಂದ್ರೆ ಸುಮ್ನೆ ಹೊಂಟೋಗ್ತಾನೆ. ಹೆಂಗಸು ತಾನಾಗಿ ಮಾತಾಡಂಗಿಲ್ಲ, ಹುಡುಕ್ಕಂಡು ಹೋಗಂಗಿಲ್ಲ, ಈಗಿನ ಕಾಲಕ್ಕೆ ಫೋನೂ ಮಾಡಂಗಿಲ್ಲ. ಹಿಂಗಿದ್ರೆ ಯಾರಿಗೂ ಅವಮಾನ ಆಗಲ್ಲ ಅಂತ ದೊಡ್ಡೋರು ಮಾಡಿಟ್ಟವ್ರೆ. ಕಾಯ್ಕಂಡು ಕೂತೋಳ ಹೊಟ್ಟೆ ಉರಿ ಏನಾಗ್ಬೇಕು ಅಂತ ಅವ್ರು ಯೋಚನೆ ಮಾಡ್ಲಿಲ್ಲ.

ಸಂಬಂಧ ತಂದಿದ್ದು ಸಿರಾದ ಕಲಂದರ್ ಸಾಬ್ರು. ಕುರಿ ವ್ಯಾಪಾರದೋರು. ನಮ್ಮಪ್ಪನ ಕಾಲದಿಂದ ನಮ್ಮ ಕುರಿ ಕೊಳ್ಳೋರು ಅವರ ಮನೆಯೋರೇ. ಪಾವಗಡ ಕಡೆ ವಳ್ಳೂರಲ್ಲಿ ಚಿಕ್ಕನರಸಯ್ಯ ಅಂತ ಒಬ್ರವ್ರೆ, ಹೊಲ ಎಲ್ಲ ಸೋಲಾರ್ ಕರೆಂಟಿನೋರಿಗೆ ಬಾಡಿಗೆಗೆ ಕೊಟ್ಟವ್ರೆ, ಆದ್ರೂ ಕುರಿ ಬಿಟ್ಟಿಲ್ಲ, ಹೆಂಡ್ತಿ ತೀರ್ಕಂಡವ್ಳೆ, ಮಕ್ಳು ಮದುವೆ ಆಗಿ ಅವರವರ ಪಾಡಿಗವ್ರೆ ಅಂತ ವಿಷ್ಯ ತಿಳಿಸಿದ್ರು. ಮನುಷ್ಯ ಹೆಂಗೆ ಅಂದೆ. ಸೋನಾ ಆದ್ಮಿ, ಮಾತು ವಸಿ ಕಮ್ಮಿ ಅಂದ್ರು. ವಯಸ್ಸೆಷ್ಟು ಅಂದೆ. ಕುರಿ ವ್ಯಾಪಾರದೋರು ಬಾಯಲ್ಲಿ ವಯಸ್ಸು ಹೇಳೋರಲ್ಲ, ಹಲ್ಲು ನೋಡ್ಕಳಿ ಅಂತಾರೆ. ಹೋಗ್ಲಿ, ನನ್ನ ವಯಸ್ಸನ್ನಾದ್ರೂ ಅವ್ರಿಗೆ ಹೇಳಿದೀರಾ ಅಂದ್ರೆ, ಅರೆ ಅಕ್ಕಾ, ಕಣ್ಣಿಲ್ವಾ ಅವ್ರಿಗೆ, ನೋಡಿದ್ರೆ ತಿಳಿಯುತ್ತೆ ಅಂದ್ಬುಟ್ರು.

ಜಾಗ ಆರಿಸಿದ್ದೂ ಅವ್ರೇ. ನಮ್ಮ ದೇವರ ಗುಡಿಗಾದ್ರೆ ಎರಡೂ ಕಡೆ ನೆಂಟ್ರು ತುಂಬ್ಕಂಡಿರ್ತಾರೆ. ಚನ್ನರಾಯನದುರ್ಗದ ಕಡೆ ಹೊಸದಾಗಿ ಒಂದು ಬುದ್ಧನ ಗುಡಿ ಆಗೈತೆ, ದೊಡ್ಡ ಬುದ್ಧ ಮಲಗವ್ನೆ, ನಿಮ್ಮೋರು ಒಬ್ರೂ ಅಲ್ಲಿಗೆ ಬರಲ್ಲ, ಬುದ್ಧನ ತಾವ ಸಿಗ್ರಿ ಅಂದ್ರು. ಬುದ್ಧನ ತಾವ ಅಂದ್ರೆ ಬುದ್ಧನ ತಾವ, ಅದರಲ್ಲಿ ಇನ್ನೇನು ಕೇಳೋದು ಅಂದ್ಕಂಡು ನಾನೂ ಒಪ್ಪಿದೆ. ಆ ಕಡೆಯೋರಿಗೂ ಅದನ್ನೇ ಹೇಳವ್ರೆ.

ಹೊರಡೋ ದಿನ ಬೆಳಿಗ್ಗೇನೇ ಸೀರೆ ಜಗಳ. ಮಗಳು ಮಾವಿನ ಹಣ್ಣಿನ ಬಣ್ಣದ ರೇಷ್ಮೆ ಸೀರೆ ತಂದಿದ್ಲು ನಂಗೆ. ಈ ವಯಸ್ಸಲ್ಲಿ ಇದನ್ನ ಉಟ್ಕಂಡು ಹೋದ್ರೆ ಕುಣಿಯೋಕೆ ಹೊಂಟವ್ಳೆ ಅಂತಾರೆ, ನಂಗ್ ಬ್ಯಾಡ ಅಂದೆ. ದಿನಾ ಉಡೋ ಕಂದು ಬಣ್ಣದ ಸೀರೇನೇ ಉಟ್ಕಂಡೆ. ಅವಳಿಗೆ ಸಿಟ್ಟು ಬಂತು. ದುಡ್ಡು ಕೊಟ್ಟು ತಂದಿದ್ದು ಪೆಟ್ಟಿಗೇಲಿ ಕೊಳೀಬಾರ್ದು ಅಂತ ತಾನೇ ಉಟ್ಕಂಡು, ಮಲ್ಲಿಗೆ ಮುಡ್ಕಂಡು, ಮದುಮಗಳಂಗೆ ಹೊಂಟ್ಲು. ಮುಡ್ಕ ಮುಡ್ಕ, ಬುದ್ಧ ನಿನ್ನೇ ಮಾಡ್ಕತಾನೆ ಅಂತ ರೇಗಿಸ್ದೆ.

ಕಲಂದರ್ ಸಾಬ್ರ ಓಮ್ನಿ ಹತ್ತಿದ್ರೆ ಒಳಗೆಲ್ಲ ಕುರಿ ವಾಸನೆ. ನಮಗದೇನು ಹೊಸದಾ, ತವರು ಮನೆ ವಾಸನೆ. ಮಧುಗಿರಿ ಬೆಟ್ಟ ಹಿಂದಕ್ಕೆ ಹೋಗೋಗಂಟ ಮಗಳು ಬುದ್ಧಿ ಹೇಳ್ತಾನೇ ಬಂದ್ಲು. ಅವ್ವ, ಸಿಟ್ಟು ಮಾಡ್ಕಬ್ಯಾಡ. ಅವ್ವ, ಜೋರಾಗಿ ಮಾತಾಡ್ಬ್ಯಾಡ. ಅವ್ವ, ಎಲೆ ಅಡಿಕೆ ಉಗೀಬ್ಯಾಡ. ನನ್ನ ಹೊಟ್ಟೇಲಿ ಹುಟ್ಟಿದ್ದು ನಂಗೇ ಇಂಗೆ ಪಾಠ ಮಾಡ್ತೈತಲ್ಲ ಅಂತ ಕಿಟಕಿ ಕಡೆ ತಿರುಗಿಕಂಡೆ. ಸಾಬ್ರು ನಮ್ಮನ್ನ ಗೇಟ್ ತಾವ ಇಳಿಸಿ, ಪಕ್ಕದೂರಲ್ಲಿ ಯಾರದೋ ಟಗರು ನೋಡ್ಕಂಡು ಬೇಗ ಬರ್ತೀನಿ, ಸಬರ್ ಮಾಡಿ ಅಂತ ಹೋದ್ರು.

ಒಳಗೆ ಕಾಲಿಟ್ಟು ನಾನು ಅಲ್ಲೇ ನಿಂತ್ಬುಟ್ಟೆ. ಮಲಗಿರೋ ದೇವರನ್ನ ನೋಡಿದೀನಿ, ಇಲ್ಲ ಅಂತಲ್ಲ. ಇಷ್ಟುದ್ದ ಮಲಗಿರೋರನ್ನ ನೋಡಿರ್ಲಿಲ್ಲ. ಬಂಡೆ ಗುಡ್ಡದ ಬುಡದಲ್ಲಿ ಬಲಗೈ ಕೆನ್ನೆ ಕೆಳಗಿಟ್ಕಂಡು, ಬಲಮಗ್ಗುಲಾಗಿ ಬಯಲಲ್ಲೇ ಮಲಗವ್ನೆ. ಮೈಯೆಲ್ಲ ಬಿಳೀದು, ಹೊದ್ದಿರೋ ಬಟ್ಟೆಗೆ ಬಂಗಾರದ ಬಣ್ಣ. ಗೇಟ್ ಇರೋದು ಕಾಲಿನ ಕಡೆ. ಒಂದೊಂದು ಅಂಗಾಲೂ ನಮ್ಮನೆ ಬಾಗಿಲಿಗಿಂತ ದೊಡ್ದು. ಅಲ್ಲಿಂದ ನೋಡಿದ್ರೆ ಸೊಂಟದ ಏರು ಕಾಣುತ್ತೆ, ಅದರಾಚೆ ಕಣಗಿಲೆ ಗಿಡ, ಮುಖ ಎಲ್ಲೋ ದೂರದಲ್ಲಿ. ಯಾವ್ದೋ ಇಸ್ಕೂಲ್ ಮಕ್ಳು ಹೊಟ್ಟೆ ತಾವ ಸಾಲಾಗಿ ನಿಂತು ಫೋಟೋ ತೆಗೆಸ್ಕತಿದ್ವು.

ಚಪ್ಪಲಿ ನೋಡ್ಕಳೋ ಕಮಲಾಕ್ಷಮ್ಮ ಅನ್ನೋರು ಒಬ್ರಿದ್ರು. ಮಾತುಗಾರ್ತಿ. ಇದು ಬುದ್ಧ ಕೊನೇ ಸಲ ಮಲಗಿದ್ದು ಕಣಮ್ಮ, ಇದಾದ್ಮೇಲೆ ಏಳ್ಲಿಲ್ಲ, ಅದಕ್ಕೇ ಉತ್ತರಕ್ಕೆ ತಲೆ ಅಂತ ವಿವರಿಸಿದ್ರು. ಸುತ್ತು ಬರೋದಾದ್ರೆ ಅವನ್ನ ಬಲಗಡೆ ಇಟ್ಕಂಡು ಬರ್ಬೇಕು, ಉಲ್ಟಾ ಬರಂಗಿಲ್ಲ ಅಂತ ಎರಡೆರಡು ಸಲ ಹೇಳಿದ್ರು. ಸುತ್ತು ಆಮೇಲೆ ಬರಾಣ, ಬಂದಿರೋ ಕೆಲ್ಸ ಮೊದ್ಲು ಅಂತ ನಾನು ಬುದ್ಧನ ಪಾದಕ್ಕೆ ಕೈ ಮುಟ್ಟಿಸಿ ಕಣ್ಣಿಗೊತ್ಕಂಡು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತೆ. ಮಲಗಿರೋ ದೊಡ್ಡೋರ ಕಾಲ್ ತಾವ ಅಲ್ದೆ ಇನ್ನೆಲ್ಲಿ ಕೂರ್ತಾರೆ. ಅಲ್ಲಾದ್ರೆ ಗೇಟೂ ಕಾಣ್ತಿತ್ತು. ಬರೋ ಗಂಡಸ್ರನ್ನೆಲ್ಲ ಓರೆಗಣ್ಣಲ್ಲಿ ನೋಡ್ತಾ ಕೂತೆ.

ಒಬ್ಬ ಬಂದ, ಪಂಚೆ ಉಟ್ಟಿದ್ದ, ವಯಸ್ಸು ಸರಿಯಾಗಿತ್ತು. ನಾನು ಸೆರಗು ಸರಿ ಮಾಡ್ಕಂಡೆ. ಅವನ ಹಿಂದೆ ಹೆಂಡ್ತಿ, ಸೊಸೆ, ಮೊಮ್ಮಕ್ಳು ಬಂದ್ವು. ಇನ್ನೊಬ್ಬ ಬಂದ, ನನ್ನನ್ನೇ ನೋಡ್ದ, ನಾನು ನೆಟ್ಟಗೆ ಕೂತೆ. ಕಕ್ಕಸು ಎಲ್ಲೈತೆ ಅಂತ ಕೇಳ್ದ. ಮಗಳು ಸೆರಗು ಬಾಯಿಗಿಟ್ಕಂಡು ನಗಕ್ಕೆ ಶುರು ಮಾಡಿದ್ಲು. ನಗು ಎಷ್ಟೊತ್ತು ಇರುತ್ತೆ? ಬಿಸಿಲು ಏರ್ತು. ಇಸ್ಕೂಲ್ ಮಕ್ಳು ಚಿತ್ರಾನ್ನ ತಿಂದು ಬಸ್ ಹತ್ತಿಕಂಡು ಹೋದ್ವು. ಗೇಟಲ್ಲಿ ಒಂದು ನಾಯಿ ಬಂತು, ಅದೂ ಹೋಯ್ತು.

ಮಗಳು ಸಾಬ್ರಿಗೆ ಫೋನ್ ಮಾಡಿದ್ಲು. ಗುಡ್ಡದ ಸಂದೀಲಿ ಸಿಗ್ನಲ್ ಎಲ್ಲಿರುತ್ತೆ, ಹೋಗ್ಲೇ ಇಲ್ಲ. ಆ ಕಡೆಯೋರ ನಂಬರ್ ಇದ್ರೆ ತಾನೇ ಮಾಡಕ್ಕೆ. ಇದ್ರೂ ಮಾಡಂಗಿಲ್ಲ, ಶಾಸ್ತ್ರ.

ಆಗ ನಂಗೆ ಅನುಮಾನ ಹತ್ತಿಕಳ್ತು. ಬಂದಿದ್ರೋ ಏನೋ. ದೂರದಿಂದ ನೋಡಿ, ಈ ಕಂದು ಸೀರೆಯೋಳಾ ಅಂತ ಮೂಗು ಮುರ್ದು ಹೊಂಟೋದ್ರೋ ಏನೋ. ಕಮಲಾಕ್ಷಮ್ಮ ಬೇರೆ, ಯಾರಿಗಮ್ಮ ಕಾಯ್ತಿದೀರಾ ಅಂತ ಮೂರ್ನಾಲ್ಕು ಸಲ ಕೇಳಿದ್ರು. ಯಾರಿಗೂ ಇಲ್ಲ, ಬುದ್ಧ ಏಳ್ತಾನಾ ಅಂತ ಕಾಯ್ತಿದೀನಿ ಅಂದೆ. ಬಾಯಲ್ಲಿ ಅಂಗಂದೆ, ಒಳಗೆ ಸಂಕಟ ಆಯ್ತಿತ್ತು. ನೀವು ನಂಬ್ತೀರೋ ಬಿಡ್ತೀರೋ, ಲಾರಿ ಹೊಡೆದ ದಿನ ಬಿಟ್ರೆ ನಂಗೆ ಅಷ್ಟು ಸಂಕಟ ಯಾವತ್ತೂ ಆಗಿರ್ಲಿಲ್ಲ. ಯಾಕಂದ್ರೆ ಮಗಳು ಬಲವಂತ ಮಾಡಿದ್ಲು ಅಂತ ನಾನು ಎಲ್ರಿಗೂ ಹೇಳ್ಕಂಡು ಬಂದಿದ್ದೆ, ಆದ್ರೆ ಬರಬೇಕು ಅಂತ ಆಸೆ ಇದ್ದಿದ್ದು ನಂಗೇ.

ಸಾಕು, ಇನ್ನು ಕೂರಲ್ಲ ಅಂತ ಎದ್ದೆ. ಬಂದಿದ್ದಕ್ಕೆ ಆ ದೇವರ ಮುಖನಾದ್ರೂ ನೋಡ್ಕಂಡು ಬರ್ತೀನಿ, ನೀನು ಚೀಲ ನೋಡ್ಕಂಡು ಇಲ್ಲೇ ಇರು, ಸಾಬ್ರು ಬಂದ್ರೆ ಬೈಯಕ್ಕೆ ನಾನೇ ಬರ್ತೀನಿ ಅಂತ ಮಗಳಿಗೆ ಹೇಳಿ ಹೊಂಟೆ. ಬಲಗಡೆ ಇಟ್ಕಂಡು ಸುತ್ಬೇಕು ಅಂದಿದ್ರಲ್ಲ, ಅದರಂಗೆ ಮುಂದ್ಲ ಕಡೆಯಿಂದ, ಮೊಣಕಾಲು ದಾಟಿ, ಹೊಟ್ಟೆ ದಾಟಿ ಹೋದೆ. ನಡೆದಷ್ಟೂ ಬುದ್ಧ ಮುಗೀತಾನೇ ಇಲ್ಲ.

ಮುಖದ ತಾವ ಹೋದ್ರೆ ತಣ್ಣಗೆ ಒಂದು ಹೊಂಗೆ ಮರ. ಅದರ ಬುಡದಲ್ಲಿ ಒಬ್ಳು ಹೆಂಗಸು, ನನಗಿಂತ ವಸಿ ದೊಡ್ಡೋಳು, ಕಾಲು ನೀಡ್ಕಂಡು ಎಲೆ ಅಡಿಕೆ ಹಾಕ್ತಾ ಕೂತಿದ್ಲು. ಪಕ್ಕದಲ್ಲಿ ಗಂಡಸರ ಟವೆಲ್ಲು, ಒಂದು ನೀರಿನ ಬಾಟ್ಲಿ. ನಾನು ಬುದ್ಧನ ಮುಖ ನೋಡ್ದೆ. ಕಣ್ಣು ಅರೆ ಮುಚ್ಚವ್ನೆ, ತುಟೀಲಿ ನಗು. ಹೋಗೋವಾಗ್ಲೂ ನಗ್ತಾ ಹೋದ್ನಲ್ಲ ಪುಣ್ಯಾತ್ಮ ಅನ್ನಿಸ್ತು. ನನ್ನ ಗಂಡ ಹೋಗೋವಾಗ ಮುಖ ಗಂಟಿಕ್ಕಿದ್ದ, ನಾನೂ ಗಂಟಿಕ್ಕಿದ್ದೆ. ಕಣ್ಣು ತುಂಬ್ಕಂಡ್ವು.

ಆ ಹೆಂಗಸು ಜಾಗ ಬಿಟ್ಟು ಕೂತ್ಕ ಬಾರಮ್ಮ ಅಂದ್ಲು. ಮಾತಲ್ಲಿ ತೆಲುಗು ಬೆರಕೆ. ಪಾವಗಡ ಕಡೆಯೋರಾ ಅಂದೆ. ನಾಗಲಮಡಿಕೆ, ಹೆಸ್ರು ಕೆಂಚಮ್ಮ, ದರ್ಶನಕ್ಕೆ ಬಂದ್ವಿ ಅಂದ್ಲು. ನಾಗಲಮಡಿಕೆ ಅಂದ್ಮೇಲೆ ವಳ್ಳೂರಿನೋರಲ್ಲ ಅಂತ ನನ್ನ ತಲೆ ಲೆಕ್ಕ ಹಾಕ್ತು. ಅವ್ಳು ಅಲ್ಲಿಗೆ ಕೊಟ್ಟ ಹೆಣ್ಣಾಗಿರಬಹುದು, ತವರು ಬೇರೆ ಇರಬಹುದು ಅಂತ ಯೋಚನೆ ಮಾಡೋ ಬುದ್ಧಿ ಎಲ್ಲಿತ್ತೋ ಆಗ.

ಯಾಕಮ್ಮ ಮುಖ ಇಷ್ಟು ಕೆಂಪಗಾಗೈತೆ, ಯಾರ ಮೇಲೆ ಸಿಟ್ಟು ಅಂದ್ಲು ಕೆಂಚಮ್ಮ. ಅಷ್ಟು ಸಾಕಾಯ್ತು ನಂಗೆ. ಗುರುತಿಲ್ಲದೋರ ತಾವ ಬಾಯಿ ಬೇಗ ಬಿಚ್ಕಳುತ್ತೆ. ಯಾರೋ ಒಬ್ಬ ಮಾರಾಯ, ಬರ್ತೀನಿ ಅಂದೋನು ಬರ್ಲಿಲ್ಲ, ನಿಮ್ಮ ಪಾವಗಡ ಕಡೆಯೋನೇ ಅಂದೆ. ಅವ್ಳು ಎಲೆ ಅಗಿಯೋದು ನಿಲ್ಸಿ ನನ್ನ ಒಂದು ಸಲ ಮೇಲಿಂದ ಕೆಳಗಂಟ ನೋಡಿದ್ಲು. ಆಮೇಲೆ ಬಲು ಮೆತ್ತಗೆ, ಅವುನಾ, ಎಂಥೋನಮ್ಮ ಅವ್ನು ಅಂದ್ಲು. ನಂಗೆ ಗೊತ್ತಾಗ್ಬೇಕಿತ್ತು. ಗೊತ್ತಾಗ್ಲಿಲ್ಲ.

ಶುರು ಮಾಡ್ದೆ ನೋಡಿ. ಎಂಥೋನೋ ನಾನೇನು ಕಂಡಿದೀನಾ, ಕುರಿ ಕಾಯೋನಂತೆ, ಕುರಿಗಿರೋ ಮರ್ಯಾದೆ ಇಲ್ಲ ಅಂದೆ. ಸೋಲಾರ್ ಬಂದ್ಮೇಲೆ ತಲೆ ತಿರುಗೈತೆ ಅಂದೆ. ಮಾತು ಕಮ್ಮಿಯಂತೆ, ಕೊಟ್ಟ ಮಾತಿಗೂ ಬೆಲೆ ಇಲ್ಲ, ಮೂಗನೋ ಏನೋ, ಹಲ್ಲೆಲ್ಲ ಬಿದ್ದೋಗಿರ್ಬೇಕು, ಅದಕ್ಕೇ ಸಾಬ್ರು ವಯಸ್ಸು ಹೇಳ್ಲಿಲ್ಲ ಅಂದೆ. ಕೆಂಚಮ್ಮ ಒಂದೊಂದಕ್ಕೂ ತಲೆ ಆಡಿಸಿ, ಆಮೇಲೆ, ಆಮೇಲೆ ಅಂತಿದ್ಲು. ಇಂಥ ಒಳ್ಳೆ ಹೆಂಗಸು ಸಿಕ್ಕಿದ್ಲಲ್ಲ ಅಂತ ನಾನು ಇನ್ನಷ್ಟು ಬಿಚ್ಚಿದೆ. ಕೂಡಿಕೆ ಮಾತು, ಮಗಳ ಹಟ, ಎಲ್ಲ ಹೇಳ್ಕಂಡೆ.

ಎಲ್ಲ ಕೇಳಿ ಅವ್ಳು, ಹೋಗ್ಲಿ ಬುಡಮ್ಮ, ಮಗಳ ಬಲವಂತಕ್ಕೆ ತಾನೇ ಬಂದಿದ್ದು, ಬರದಿದ್ರೆ ನಿಂಗೆ ನಷ್ಟ ಏನು ಅಂದ್ಲು.

ಆವಾಗ ಬಂತು ನೋಡಿ ನನ್ನ ಬಾಯಿಂದ, ಮಗಳಿಗೂ ಹೇಳದೇ ಇದ್ದ ಮಾತು.

“ಬಲವಂತ ಅನ್ನೋದು ಸುಳ್ಳು ಕಣಕ್ಕ. ನಂಗೇ ಬೇಕಿತ್ತು. ರಾತ್ರಿ ಸಾರು ಸಪ್ಪೆ ಆದ್ರೆ, ಇದೇನ್ ಸಾರು ಮಾಡಿದೀಯ ಅನ್ನೋರು ಒಬ್ರು ಬೇಕು. ನಾನು ತಿರುಗಿಸಿ ಅನ್ಬೇಕು. ಮಗಳು ಹೋದ್ಮೇಲೆ ನಾನು ಯಾರ ತಾವ ಜಗಳ ಆಡ್ಲಿ? ಕುರಿ ತಾವಲಾ?”

ಕೆಂಚಮ್ಮ ತನ್ನ ಎಲೆ ಅಡಿಕೆ ಚೀಲ ಬಿಚ್ಚಿ ನಂಗೊಂದು ಎಲೆಗೆ ಸುಣ್ಣ ಹಚ್ಚಿ ಮಡಿಸಿ ಕೊಟ್ಲು. ನಮ್ಮ ತಮ್ಮನೂ ಒಬ್ನವ್ನೆ, ಸುತ್ತು ಬರ್ತೀನಿ ಅಂತ ಆಗ್ಲೇ ಹಿಂದ್ಲ ಕಡೆಯಿಂದ ಹೋದ, ಈಗ ಬರ್ಬೋದು, ಕೂತ್ಕ ಅಂದ್ಲು. ನಾನು ಎಲೆ ಬಾಯಿಗೆ ಹಾಕ್ಕಂಡೆ.

ಅಷ್ಟರಲ್ಲಿ ಬುದ್ಧನ ಹೊಟ್ಟೆ ಕಡೆಯಿಂದ ಒಬ್ಬ ಮನುಷ್ಯ ಬಿರಬಿರನೆ ಬಂದ. ಬಿಳೀ ಷರಟು, ಪಂಚೆ ಎತ್ತಿ ಕಟ್ಟವ್ನೆ, ನರೆತ ಮೀಸೆ. ಹಲ್ಲೆಲ್ಲ ಇದ್ವು, ಯಾಕಂದ್ರೆ ಅವ್ನು ಹಲ್ಲು ಕಡೀತಾ ಬಂದ. ನನ್ನ ಕಡೆ ನೋಡ್ಲೂ ಇಲ್ಲ. ನೆಟ್ಟಗೆ ಕೆಂಚಮ್ಮನ ಮುಂದೆ ನಿಂತು ಟವೆಲ್ಲು ಎತ್ತಿ ಹೆಗಲಿಗೆ ಒಗೆದ್ಕಂಡ.

“ಅಕ್ಕಾ, ಲೆಯ್, ಏಳು, ಮನೇಗ್ ಪೋದಾಂ. ಆ ಕಲಂದರ್‌ಗೆ ಬುದ್ಧಿ ಲೇದು. ಅಲ್ಲಿ ಕಾಲ್ ತಾವ ಕೂತೈತೆ ಹುಡುಗಿ, ನಮ್ಮ ಮಗಳಿಗಿಂತ ಚಿಕ್ಕದು. ಮಾವಿನ ಬಣ್ಣದ ಸೀರೆ ಉಡಿಸಿ ಕೂರ್ಸವ್ರೆ. ಬನ್ನಿ, ನಿಮಗೇ ಕಾಯ್ತಿದ್ವಿ ಅಂತ ನಗ್ತೈತೆ ನನ್ನ ನೋಡಿ. ಅಂಥ ಕೂಸನ್ನ ನಂಗ್ ಕಟ್ಟಿದ್ರೆ ಅದರ ಬಾಳು ಏನಾಗ್ಬೇಕು? ನಂಗ್ ಬ್ಯಾಡ. ಒಂಟಿ ಇದ್ರೂ ಸರಿ, ಆ ಪಾಪ ನಂಗ್ ಬ್ಯಾಡ.”

ನಾನು ಎಲೆ ಅಡಿಕೆ ಅಗಿಯೋದು ನಿಲ್ಸಿದೆ. ಮಾವಿನ ಬಣ್ಣದ ಸೀರೆ ನಮ್ಮ ಮನೇದು. ಕಾಲ್ ತಾವ ಕೂತಿರೋ ಕೂಸು ನನ್ನ ಹೊಟ್ಟೇದು. ಹಂಗಾದ್ರೆ ಈ ಮೀಸೆ ಯಾರು, ಪಕ್ಕದಲ್ಲಿ ಕೂತು ಆಮೇಲೆ ಆಮೇಲೆ ಅಂತ ಇಷ್ಟೊತ್ತು ನನ್ನ ಬಾಯಿಂದ ಎಲ್ಲ ಕಕ್ಕಿಸಿದೋಳು ಯಾರು. ಕೆಂಚಮ್ಮನ ಕಡೆ ತಿರುಗಿದ್ರೆ ಅವ್ಳು ಸೆರಗು ಮುಖಕ್ಕೆ ಮುಚ್ಕಂಡವ್ಳೆ, ಹೆಗಲು ಕುಣೀತಾ ಐತೆ. ನಗು ತಡೆಯೋಕೆ ಆಗ್ತಿಲ್ಲ ಮುಂಡೇದಕ್ಕೆ.

ಅವರೂ ಬೆಳಿಗ್ಗೆ ನಮಗಿಂತ ಮುಂಚೇನೇ ಬಂದು ಅಲ್ಲೇ ಕೂತಿದ್ರು. ನಾನು ಕಾಲ್ ತಾವ, ಅವ್ರು ತಲೆ ತಾವ. ಕುರಿ ಹಟ್ಟೀಲಿ ಮಲಗಿದ್ರೆ ಕಾಲ್ ತಾವ ನಾಯಿ ಮಲಗುತ್ತೆ, ತಲೆ ತಾವ ಮನುಷ್ಯ ಕೂರ್ತಾನೆ, ನಾವ್ ಹೋಗಿ ಕಾಲ್ ತಾವ ಯಾಕೆ ಕೂರಾಣ ಅಂತ ಅವರ ಲೆಕ್ಕ. ಹೆಣ್ಣಿನ ಕಡೆಯೋರು ಬರ್ಲಿಲ್ಲ ಅಂತ ಅವ್ರಿಗೂ ಸಿಟ್ಟು. ಹೊರಡೋ ಮುಂಚೆ ಪಾದ ಮುಟ್ಟಿ ಬರಾಣ ಅಂತ ಅವ್ರು ಬುದ್ಧನ್ನ ಬಲಗಡೆ ಇಟ್ಕಂಡು ಹಿಂದ್ಲಿಂದ ಹೋಗವ್ರೆ, ಮುಖ ನೋಡಿ ಬರಾಣ ಅಂತ ನಾನೂ ಬಲಗಡೆ ಇಟ್ಕಂಡು ಮುಂದ್ಲಿಂದ ಬಂದಿದೀನಿ. ಇಬ್ರ ಮಧ್ಯ ಬುದ್ಧ ಮಲಗವ್ನೆ. ಇದೆಲ್ಲ ಆಮೇಲೆ ಕೂಡಿಸಿಕಂಡಿದ್ದು. ಆ ಗಳಿಗೇಲಿ ನಂಗೆ ಹೊಳೆದಿದ್ದು ಒಂದೇ. ಈ ಮನುಷ್ಯ ಇನ್ನೊಂದು ಚಣಕ್ಕೆ ಹೊಂಟೋಗ್ತಾನೆ.

ಶಾಸ್ತ್ರ ಪ್ರಕಾರ ನಾನು ಬಾಯಿ ಬಿಡಂಗಿಲ್ಲ. ಸುಮ್ನೆ ಕೂತ್ರೆ ಮರ್ಯಾದೆ ಉಳಿಯುತ್ತೆ. ಮರ್ಯಾದೆ ಇಟ್ಕಂಡು ಮನೇಗೆ ಹೋಗಿ ಏನ್ ಮಾಡ್ಲಿ? ನನ್ನ ಮಗಳ ಬಾಳು ಹಾಳಾಗ್ಬಾರ್ದು ಅಂತ ಹಲ್ಲು ಕಡೀತವ್ನೆ ಈ ಮನುಷ್ಯ, ಅದು ಯಾರ ಮಗಳು ಅಂತಲೂ ಗೊತ್ತಿಲ್ಲ ಅವ್ನಿಗೆ. ಇಂಥೋನ್ನ ಬಿಟ್ರೆ ನನ್ನಂಥ ದಡ್ಡಿ ಇನ್ನೊಬ್ಳಿಲ್ಲ. ಎದ್ದು ನಿಂತೆ. ಅಣ್ಣಾ ಅಂತ ಬಾಯಿಗೆ ಬಂದ್ಬುಡ್ತು, ಅಲ್ಲೇ ನುಂಗ್ಕಂಡೆ. ಮಾಡ್ಕಬೇಕಾದೋನ್ನ ಅಣ್ಣ ಅಂದ್ಬುಟ್ರೆ ಕತೆ ಅಲ್ಲಿಗೇ ಮುಗೀತಲ್ಲ.

“ನೋಡಿ ಇಲ್ಲಿ. ಆ ಹುಡುಗಿ ನನ್ನ ಮಗಳು, ಅವಳಿಗೆ ಮದುವೆ ಗೊತ್ತಾಗೈತೆ. ನೀವು ನೋಡಕ್ಕೆ ಬಂದಿರೋದು ನನ್ನ. ನೋಡ್ಕಳಿ.”

ಅವ್ರು ನೋಡಿದ್ರು. ಮೊದ್ಲು ನನ್ನ ನೋಡಿದ್ರು, ಆಮೇಲೆ ಅಕ್ಕನ್ನ ನೋಡಿದ್ರು, ತಿರುಗಿ ನನ್ನ ನೋಡಿದ್ರು. ಎತ್ತಿ ಕಟ್ಟಿದ ಪಂಚೆ ಬಿಚ್ಚಿ ಕಾಲಿಗೆ ಇಳಿಬಿಟ್ಕಂಡ್ರು. ಶುರು ಮಾಡಿದ್ದು ಮುಗಿಸ್ಬೇಕಲ್ಲ.

“ನಂಗೆ ಒಪ್ಪಿಗೆ ಐತೆ. ನಿಮಗೆ ಬ್ಯಾಡ ಅಂದ್ರೆ ಬ್ಯಾಡ. ಆದ್ರೆ ಸುಮ್ನೆ ಹೊಂಟೋಗ್ಬ್ಯಾಡಿ. ಬಾಯಿಬಿಟ್ಟು ಹೇಳಿ ಹೋಗಿ.”

ಆಗ ಕೆಂಚಮ್ಮ ಸೆರಗು ತೆಗೆದ್ಲು. ಕಣ್ಣಲ್ಲಿ ನೀರು, ನಕ್ಕು ನಕ್ಕು ಬಂದಿದ್ದೋ ಇನ್ಯಾಕೆ ಬಂದಿದ್ದೋ. ಒಪ್ಪಿಗೆ ಹೇಳೋಕೆ ಮುಂಚೆ ಕೇಳಿಸ್ಕಳೋ ತಮ್ಮಾ ಅಂತ ಶುರು ಮಾಡಿದ್ಲು. ಒಂದೂ ಬಿಡ್ಲಿಲ್ಲ. ಕುರಿಗಿರೋ ಮರ್ಯಾದೆ ನಿಂಗಿಲ್ವಂತೆ. ಸೋಲಾರ್ ಬಂದು ತಲೆ ತಿರುಗೈತಂತೆ. ಮೂಗನಂತೆ. ಹಲ್ಲು ಬಿದ್ದೋಗವಂತೆ. ನಾನು ಭೂಮಿ ಬಾಯಿ ಬಿಡಲಿ ಅಂತ ನೋಡ್ದೆ, ಅದು ಬರೀ ಬಂಡೆ. ಕೊನೇಗೆ ಅವ್ಳು ಆ ಸಾರಿನ ಮಾತನ್ನೂ ಹೇಳ್ಬುಟ್ಲು. ರಾತ್ರಿ ಹೊತ್ತು ಜಗಳ ಆಡೋಕೆ ಒಬ್ರು ಬೇಕಂತೆ ಕಣೋ ಇವ್ಳಿಗೆ ಅಂದ್ಲು. ಅದನ್ನ ಹೇಳೋವಾಗ ಅವ್ಳು ನಗ್ಲಿಲ್ಲ.

ಚಿಕ್ಕನರಸಯ್ಯ ತಲೆ ಬಗ್ಗಿಸಿ ಎಲ್ಲ ಕೇಳಿಸ್ಕಂಡ್ರು. ಆಮೇಲೆ ಹೆಗಲ ಮೇಲಿದ್ದ ಟವೆಲ್ಲು ತೆಗೆದು, ಹೊಂಗೆ ಮರದ ಬುಡದಲ್ಲಿ ನಾನು ಕೂತಿದ್ದ ಕಡೆ ಹಾಸಿ, ಅದರ ಮೇಲಿನ ಒಂದೆರಡು ಎಲೆ ಕೈಯಲ್ಲಿ ತಳ್ಳಿದ್ರು. ನನ್ನ ಮುಖ ನೋಡಿ ಮಾತಾಡಿದ್ರು, ಮೊದಲನೇ ಸಲ.

“ಇಂಕಾ ಏನಾದ್ರೂ ಉಳ್ದಿದ್ರೆ, ಮನೇಗ್ ಬಂದು ಬೈಯಮ್ಮ. ನಮ್ಮನೇಲೂ ಬೈಯೋರಿಲ್ಲ.”

ನಂಗೆ ಅಳು ಬಂದ್ಬುಡ್ತು. ಸಂತೋಷಕ್ಕೆ ಅಳೋರನ್ನ ಕಂಡ್ರೆ ನಂಗೆ ಆಗ್ತಿರ್ಲಿಲ್ಲ, ಆವತ್ತು ನಾನೇ ಅತ್ತೆ. ಕೆಂಚಮ್ಮ ಕೈ ಹಿಡಿದು ಟವೆಲ್ಲಿನ ಮೇಲೆ ಕೂರಿಸಿದ್ಲು. ಅವ್ರು ವಸಿ ದೂರದಲ್ಲಿ, ಬರೀ ನೆಲದ ಮೇಲೆ ಕೂತ್ರು, ನೀರಿನ ಬಾಟ್ಲಿ ನನ್ನ ಕಡೆ ಸರಿಸಿದ್ರು. ನೀರು ಕುಡಿದೆ, ಮುಖ ಒರೆಸ್ಕಂಡೆ.

ಆಮೇಲೆ, ಮನೇಗೆ ಹೋಗೋಗಂಟ ಯಾಕೆ ಕಾಯ್ಬೇಕು ಅನ್ನಿಸ್ತು. ಅಲ್ಲ, ಬೆಳಿಗ್ಗೆಯಿಂದ ಕೂತಿದ್ರಲ್ಲ, ಒಂದು ಸಲ ಎದ್ದು ಗೇಟ್ ತಾವ ಬಂದು ನೋಡಕ್ಕೆ ಏನಾಗಿತ್ತು ನಿಮಗೆ ಅಂತ ಅಲ್ಲೇ ಶುರು ಮಾಡ್ದೆ.